ಅಭಿಮಾನಿ ಹಾಡಿನ ವಿಡಿಯೊ ಹಂಚುವಾಗ ಯಾವ ಕೊಡೆಕ್, ಎಷ್ಟು ಬಿಟ್‌ರೇಟ್? ಕಲಿಯುವವರಿಗೆ ಟಿಪ್ಪಣಿ

"ಲ್ಯಾಪ್‌ಟಾಪಿನ್ಯಾಗ ಛಲೋ ಕಾಣ್ತಿತ್ತು, ವಾಟ್ಸ್ಯಾಪಿಗೆ ಹಾಕಿದ ಮ್ಯಾಲೆ ಪೂರಾ ಮಸಕ್ ಆಗೇತಿ." ಇಷ್ಟದ ಹಾಡಿಗೆ ಕ್ಲಿಪ್‌ಗಳನ್ನು ಜೋಡಿಸಿ ಅಭಿಮಾನಿ ವಿಡಿಯೊ ಮಾಡುತ್ತ, ಹುಬ್ಬಳ್ಳಿ-ಧಾರವಾಡದ ಕಡೆ ಎಡಿಟಿಂಗ್ ಕಲಿಯುವವರ ಬಾಯಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ. ಫಾರ್ಮ್ಯಾಟಿನದೇ ತಪ್ಪು ಎಂದುಕೊಂಡು ಎಂಪಿ4 ಬಿಟ್ಟು ಎಂಕೆವಿ, ಎಂಕೆವಿ ಬಿಟ್ಟು ಎವಿಐ ಎಂದು ಬದಲಿಸುತ್ತಾ ಹೋದರೆ ಏನೂ ಸಿಗುವುದಿಲ್ಲ. ಮಸುಕಾಗಲು ದೊಡ್ಡ ಕಾರಣ, ಒಮ್ಮೆ ಹಿಂಡಿದ (ಕಂಪ್ರೆಸ್ ಮಾಡಿದ) ವಿಡಿಯೊವನ್ನು ಮತ್ತೊಮ್ಮೆ, ಮಗದೊಮ್ಮೆ ಹಿಂಡುವುದು. ಆದ್ದರಿಂದ ಈ ಟಿಪ್ಪಣಿಯ ಕೇಂದ್ರ ಇಷ್ಟು: ಒಂದು ಶುದ್ಧ ಮಾಸ್ಟರ್, ಅಂದರೆ ಎಲ್ಲಕ್ಕೂ ಮೂಲವಾದ ಕಡತ, ಇಟ್ಟುಕೊಳ್ಳಿ, ನೋಡುವವರ ಸಾಧನಕ್ಕೆ ತಕ್ಕಂತೆ ಹಂಚುವ ಒಂದೊಂದು ನಕಲನ್ನೂ ಅದರಿಂದಲೇ ನೇರವಾಗಿ ತೆಗೆಯಿರಿ.

ಮೊದಲು ಎರಡು ಪದಗಳನ್ನು ಬೇರೆ ಮಾಡಿಕೊಳ್ಳಬೇಕು. ಎಂಪಿ4, ಎಂಕೆವಿ, ವೆಬ್‌ಎಂ ಎಂಬುವು ಕಂಟೇನರ್‌ಗಳು, ಅಂದರೆ ಬುತ್ತಿ ಡಬ್ಬಿಗಳು. ಒಳಗೆ ಜೋಳದ ರೊಟ್ಟಿ ಇದೆಯೋ ಚಪಾತಿ ಇದೆಯೋ ಡಬ್ಬಿ ನೋಡಿ ತಿಳಿಯದು. ಚಿತ್ರವನ್ನು ನಿಜವಾಗಿ ಹಿಂಡುವುದು ಕೊಡೆಕ್: ಎಚ್.264, ಎಚ್‌ಇವಿಸಿ, ವಿಪಿ9, ಎವಿ1. "ಎಂಪಿ4 ಓಡುತ್ತಿಲ್ಲ" ಎಂದು ಯಾರಾದರೂ ಹೇಳಿದರೆ ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಕಡತ ತೆರೆದು ಒಳಗಿನ ಕೊಡೆಕ್, ಪ್ರೊಫೈಲ್ (ಕೊಡೆಕ್‌ನ ಬಗೆ), ಬಿಟ್ ಆಳ (ಬಣ್ಣದ ಮೆಟ್ಟಿಲುಗಳ ಸೂಕ್ಷ್ಮತೆ), ಫ್ರೇಮ್ ದರ (ಸೆಕೆಂಡಿಗೆ ಎಷ್ಟು ಚಿತ್ರ) ಓದಿ. ಉತ್ತರ ಬಹುತೇಕ ಅಲ್ಲೇ ಇರುತ್ತದೆ.

ಕೊಡೆಕ್ ಆಯ್ಕೆ

ಎಚ್.264 ಮಾನಕವಾದದ್ದು 2003ರಲ್ಲಿ. ಹಳೆಯದೆಂದು ತಳ್ಳಿಹಾಕಬೇಡಿ. ಫೋನು, ಟಿವಿಯ ಯುಎಸ್‌ಬಿ ಕಿಂಡಿ, ಕಾಲೇಜು ಗ್ಯಾದರಿಂಗ್‌ನ ಪ್ರೊಜೆಕ್ಟರಿಗೆ ಜೋಡಿಸಿದ ಹಳೇ ಲ್ಯಾಪ್‌ಟಾಪು, ಎಲ್ಲ ಕಡೆಯೂ ಓಡುವ ಕೊಡೆಕ್ ಇವತ್ತಿಗೂ ಇದೇ. 2013ರ ಎಚ್‌ಇವಿಸಿ ಅದೇ ಗುಣಮಟ್ಟವನ್ನು ಸಾಕಷ್ಟು ಕಡಿಮೆ ಗಾತ್ರದಲ್ಲಿ ಕೊಡುತ್ತದೆ, ಆದರೆ ಹಳೆಯ ಟಿವಿ ಮತ್ತು ಕಂಪ್ಯೂಟರ್‌ಗಳಲ್ಲಿ ಕೈಕೊಡುತ್ತದೆ. ಆ್ಯಪಲ್ ಸಾಧನಗಳಿಗೆ ಕಳಿಸುವುದಾದರೆ ಕಡತದೊಳಗಿನ ಕೊಡೆಕ್ ಗುರುತು, ಅಂದರೆ ಟ್ಯಾಗ್, ಎಚ್‌ವಿಸಿ1 ಎಂದಿರಬೇಕು, ಎಚ್‌ಇವಿ1 ಇದ್ದರೆ ಚಿತ್ರ ಬಾರದೆ ಬರೀ ಹಾಡು ಕೇಳಬಹುದು. 2018ರ ಎವಿ1 ಇನ್ನೂ ಚೆನ್ನಾಗಿ ಹಿಂಡುತ್ತದೆ. ಎವಿ1 ಡಿಕೋಡರ್ ಚಿಪ್ ಇಲ್ಲದ ಫೋನುಗಳಲ್ಲಿ ಎಲ್ಲ ಕೆಲಸ ಪ್ರೊಸೆಸರ್ ಮೇಲೆ ಬೀಳುವುದರಿಂದ ಬ್ಯಾಟರಿ ಬೇಗ ಇಳಿಯುತ್ತದೆ, ವೇಗದ ಕಟ್‌ಗಳಲ್ಲಿ ಚಿತ್ರ ತಡವರಿಸುತ್ತದೆ. ನನ್ನ ತೀರ್ಮಾನ: ಯಾರು ಯಾವುದರಲ್ಲಿ ನೋಡುತ್ತಾರೆ ಎಂದು ಖಾತ್ರಿ ಇಲ್ಲದಿದ್ದರೆ ಎಚ್.264. ಎದುರಿನವರ ಫೋನು ಗೊತ್ತಿದ್ದು ಜಾಗ ಉಳಿಸಬೇಕಾದಾಗ ಮಾತ್ರ ಎಚ್‌ಇವಿಸಿ.

ಮಾಸ್ಟರ್

1920×1080 ಗಾತ್ರದ ಚಿತ್ರ, ಸೆಕೆಂಡಿಗೆ 25 ಫ್ರೇಮ್, 8 ಬಿಟ್, 4:2:0 (ಬಣ್ಣದ ಮಾಹಿತಿ ಕಡಿಮೆ ಇಡುವ ಪದ್ಧತಿ, ವಿವರ ಮುಂದೆ). ಹಿಂಡದೆ ಇಟ್ಟರೆ ಸೆಕೆಂಡಿಗೆ ಸುಮಾರು 78 ಎಂಬಿ. ನಾಲ್ಕೂವರೆ ನಿಮಿಷದ ಹಾಡಿಗೆ 21 ಜಿಬಿ. ಅದನ್ನು 100 ಎಂಬಿಗೆ ಇಳಿಸುವುದೆಂದರೆ 210 ಪಾಲಿನಲ್ಲಿ ಒಂದು ಪಾಲು ಉಳಿಸಿಕೊಂಡು ಮಿಕ್ಕದ್ದನ್ನು ಬಿಡುವುದು. ಏನನ್ನು ಬಿಡಬೇಕೆಂದು ಎನ್‌ಕೋಡರ್ (ಹಿಂಡುವ ತಂತ್ರಾಂಶ) ಸರಿಯಾಗಿ ನಿರ್ಧರಿಸಬೇಕಾದರೆ ಅದರ ಕೈಗೆ ಒಳ್ಳೆಯ ಚಿತ್ರ ಕೊಡಬೇಕು. ಈಗಾಗಲೇ ಹಿಂಡಿದ ಚಿತ್ರ ಕೊಟ್ಟರೆ, ಮೊದಲ ಸಲದ ಚೌಕಳಿಗಳನ್ನೂ ಅದು ನಿಜವಾದ ವಿವರ ಎಂದು ತಿಳಿದು ಅವುಗಳಿಗೂ ಬಿಟ್ ಖರ್ಚು ಮಾಡುತ್ತದೆ.

ಮಾಸ್ಟರನ್ನು ಎಡಿಟಿಂಗಿಗೆ ಬಳಸುವ, ಕಡಿಮೆ ಹಿಂಡುವ ಕೊಡೆಕ್‌ಗಳಾದ ಪ್ರೋರೆಸ್ 422, ಡಿಎನ್‌ಎಕ್ಸ್‌ಎಚ್‌ಆರ್ ಅಥವಾ ನಷ್ಟವಿಲ್ಲದ ಯುಟಿ ವಿಡಿಯೊ, ಎಫ್‌ಎಫ್‌ವಿ1 ಇವುಗಳಲ್ಲಿ ಇಡಬಹುದು. ಪ್ರೋರೆಸ್ 422ಕ್ಕೆ 1080ಪಿ (1920×1080 ಚಿತ್ರ), 25 ಫ್ರೇಮ್‌ನಲ್ಲಿ ಸೆಕೆಂಡಿಗೆ ಸುಮಾರು 122 ಮೆಗಾಬಿಟ್. 5 ನಿಮಿಷದ ಹಾಡು ನಾಲ್ಕೂವರೆ ಜಿಬಿ ದಾಟುತ್ತದೆ. ಫ್ಯಾಟ್32 ಎಂಬ ಹಳೇ ಪದ್ಧತಿಯಲ್ಲಿ ಫಾರ್ಮ್ಯಾಟ್ ಆದ ಪೆನ್ ಡ್ರೈವ್ 4 ಜಿಬಿಗಿಂತ ದೊಡ್ಡ ಕಡತ ಹಿಡಿಯದು. ಅರ್ಧಕ್ಕೆ ನಕಲು ನಿಂತರೆ ಡ್ರೈವ್ ಕೆಟ್ಟಿದೆ ಎಂದು ಎಸೆಯಬೇಡಿ, ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಫೋನಿನ ಎಡಿಟಿಂಗ್ ಆ್ಯಪ್ ಇಂಥ ಆಯ್ಕೆ ಕೊಡದಿದ್ದರೆ ಅದರಲ್ಲಿರುವ ಅತಿ ಹೆಚ್ಚಿನ ಬಿಟ್‌ರೇಟಿನಲ್ಲಿ (ಸೆಕೆಂಡಿಗೆ ಖರ್ಚಾಗುವ ಬಿಟ್‌ಗಳ ಲೆಕ್ಕ) ಒಮ್ಮೆ ಎಕ್ಸ್‌ಪೋರ್ಟ್ ಮಾಡಿ, ಅದನ್ನೇ ಮಾಸ್ಟರ್ ಎಂದುಕೊಳ್ಳಿ.

ಮೂಲದ ಕ್ಲಿಪ್‌ಗಳು ಹಳೆಯ ಟಿವಿ ಪ್ರಸಾರದ್ದೋ ಡಿವಿಡಿಯದ್ದೋ ಆಗಿದ್ದರೆ, ಅಲುಗಾಡುವ ಕೈಯ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆ ಕಾಣಬಹುದು. ಅದು ಇಂಟರ್‌ಲೇಸ್, ಅಂದರೆ ಚಿತ್ರವನ್ನು ಸಾಲು ಬಿಟ್ಟು ಸಾಲು ಎರಡು ಅರ್ಧಗಳಾಗಿ ಇಡುವ ಪದ್ಧತಿ. ಅದನ್ನು ಸರಿಪಡಿಸುವ ಡಿಇಂಟರ್‌ಲೇಸ್ ಮೊದಲು, ಗಾತ್ರ ಬದಲಾವಣೆ ಆಮೇಲೆ. ಕ್ರಮ ತಿರುವುಮುರುವಾದರೆ ಆ ಹಲ್ಲುಗಳು ಚಿತ್ರದಲ್ಲಿ ಬೆರೆತುಬಿಡುತ್ತವೆ, ಮುಂದೆ ಯಾವ ಫಿಲ್ಟರಿಗೂ ಹೋಗುವುದಿಲ್ಲ. ಭಾರತದ ಹಳೆಯ ಟಿವಿ ಪದ್ಧತಿಯಾದ ಪಾಲ್‌ನ ಡಿವಿಡಿಯ 720×576 ಚಿತ್ರ 4:3 ಆಗಿದ್ದರೆ 768×576ಕ್ಕೆ, 16:9 ಆಗಿದ್ದರೆ 1024×576ಕ್ಕೆ ಹಿಗ್ಗಿಸಿ. ಇಲ್ಲದಿದ್ದರೆ ಹಾಡುವವರ ಮುಖ ಸೊರಗಿದಂತೆ ಕಾಣುತ್ತದೆ.

ಬಿಟ್‌ಗಳು ಎಲ್ಲಿ ಖರ್ಚಾಗುತ್ತವೆ

ಇದು ಅರ್ಥವಾದರೆ ಅರ್ಧ ಪಾಠ ಮುಗಿದಂತೆ. ಎನ್‌ಕೋಡರ್ ಪ್ರತಿ ಫ್ರೇಮನ್ನೂ ಹೊಸದಾಗಿ ಬರೆಯುವುದಿಲ್ಲ. ಹಿಂದಿನ ಫ್ರೇಮಿನಲ್ಲಿ ಇದ್ದದ್ದು ಎತ್ತ ಸರಿಯಿತು ಎಂದು ಹೇಳಿ, ಉಳಿದ ವ್ಯತ್ಯಾಸವನ್ನಷ್ಟೇ ಬರೆಯುತ್ತದೆ. ಹಾಗಾಗಿ ಕಪ್ಪತಗುಡ್ಡದ ಗಾಳಿಯಂತ್ರಗಳ ಸ್ಥಿರ ಶಾಟ್ ಅಗ್ಗ, ಉಣಕಲ್ ಕೆರೆಯ ಮೇಲೆ ಬೀಳುವ ಮಳೆಯ ಶಾಟ್ ಬಹಳ ದುಬಾರಿ. ಪ್ರತಿ ಹನಿಯೂ ಹೊಸದು, ಹಿಂದಿನ ಫ್ರೇಮಿನಿಂದ ಎರವಲು ತರಲು ಏನೂ ಇಲ್ಲ. ಹಾಡಿನ ವಿಡಿಯೊಗಳಲ್ಲಿ ಇಂಥ ದುಬಾರಿ ಜಾಗಗಳು ಸಾಮಾನ್ಯ ಸಿನಿಮಾಕ್ಕಿಂತ ಹೆಚ್ಚು: ತಾಳಕ್ಕೆ ತಕ್ಕ ಕಟ್, ತಬಲಾದ ಪೆಟ್ಟಿಗೊಂದು ಬಿಳಿ ಫ್ಲ್ಯಾಶ್, ಒಂದರಲ್ಲಿ ಒಂದು ಕರಗುವ ಡಿಸಾಲ್ವ್. ಚಿತ್ರ ಕಪ್ಪಿಗೆ ಇಳಿಯುವ ಫೇಡನ್ನು ಎಕ್ಸ್264 ಎಂಬ ಎಚ್.264 ಎನ್‌ಕೋಡರ್ ಚೆನ್ನಾಗಿ ಊಹಿಸುತ್ತದೆ. ಎರಡು ಚಿತ್ರ ಬೆರೆಯುವ ಡಿಸಾಲ್ವ್‌ನಲ್ಲಿ ಅದರ ಊಹೆ ನಡೆಯುವುದಿಲ್ಲ. ಬಿಟ್‌ರೇಟ್ ಬಿಗಿಯಾಗಿದ್ದರೆ ಮೊದಲು ಚೌಕಳಿ ಏಳುವುದು ಅಲ್ಲೇ.

ತೊಂದರೆ ಕೊಡುವ ಎರಡನೆಯದು ಕೆಂಪು ಬಣ್ಣ. 4:2:0 ಎಂದರೆ ಬೆಳಕಿನ ಮಾಹಿತಿ ಪೂರ್ಣ, ಬಣ್ಣದ ಮಾಹಿತಿ ಉದ್ದಗಲ ಎರಡರಲ್ಲೂ ಅರ್ಧ. ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣ. ಎಚ್‌ಡಿ ಲೆಕ್ಕದಲ್ಲಿ ಬೆಳಕಿಗೆ ಹಸಿರಿನ ಪಾಲು ಸುಮಾರು ಶೇ 72, ಕೆಂಪಿನದು ಶೇ 21 ಮಾತ್ರ. ಆದ್ದರಿಂದ ಕಡುಗೆಂಪು ವಸ್ತುವಿನ ವಿವರವೆಲ್ಲ ಆ ಅರ್ಧವಾದ ಬಣ್ಣದ ಮಾಹಿತಿಯಲ್ಲೇ ಉಳಿಯುತ್ತದೆ. ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ರಾಶಿ ತೆಗೆದು ನೋಡಿ: ಮೂಲದಲ್ಲಿ ಒಂದೊಂದು ಕಾಯಿಯ ಸುಕ್ಕೂ ಕಾಣುತ್ತದೆ, ಹಂಚಿದ ಪ್ರತಿಯಲ್ಲಿ ಕೆಂಪು ಮುದ್ದೆ. ಇದಕ್ಕೆ ಬಿಟ್‌ರೇಟ್ ಹೆಚ್ಚಿಸಿದರೆ ಪೂರ್ತಿ ಪರಿಹಾರ ಸಿಗದು. 4:4:4ರಲ್ಲಿ ಎಕ್ಸ್‌ಪೋರ್ಟ್ ಮಾಡಿದರೆ ಬಹಳಷ್ಟು ಫೋನು, ಟಿವಿಗಳು ಆ ಕಡತವನ್ನು ಓಡಿಸುವುದೇ ಇಲ್ಲ. ದಾರಿ ಇರುವುದು ಎಡಿಟಿಂಗ್‌ನಲ್ಲೇ: ಕೆಂಪಿನ ತೀವ್ರತೆ ಸ್ವಲ್ಪ ಇಳಿಸಿ, ಹೊಳಪು ತುಸು ಏರಿಸಿ.

ಸಾಹಿತ್ಯದ ಸಾಲು ತೋರಿಸುವ ವಿಡಿಯೊಗಳಿಗೂ ಇದೇ ನಿಯಮ, ಕನ್ನಡಕ್ಕಂತೂ ಇನ್ನೂ ಹೆಚ್ಚು. ನಮ್ಮ ಒತ್ತಕ್ಷರಗಳು ಸಣ್ಣವು. ಕಪ್ಪು ಹಿನ್ನೆಲೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆದರೆ 480ಪಿಗೆ ಇಳಿದಾಗ ಒತ್ತು ಕರಗಿ ಪದವೇ ಬದಲಾದಂತಾಗುತ್ತದೆ. ಬಿಳಿ ಅಥವಾ ತಿಳಿ ಹಳದಿ ಅಕ್ಷರ, ಸುತ್ತ ಕಪ್ಪು ಅಂಚು, 1080ಪಿಯಲ್ಲಿ ಅಕ್ಷರದ ಎತ್ತರ 60 ಪಿಕ್ಸೆಲ್‌ಗೆ ಕಡಿಮೆ ಇಲ್ಲದಂತೆ ಇಟ್ಟರೆ ಫೋನಿನಲ್ಲೂ ಓದಬಹುದು.

ಮೂರನೆಯದು ಮಸುಕು ಬೆಳಕಿನ ವೇದಿಕೆ, ಸಂಜೆಯ ಆಕಾಶ. ಬಣ್ಣ ನಿಧಾನವಾಗಿ ಬದಲಾಗುವ ಕಡೆ ಪಟ್ಟಿ ಪಟ್ಟಿ ಗೆರೆ ಬೀಳುತ್ತದೆ. 10 ಬಿಟ್ ಇದಕ್ಕೆ ಸರಿಯಾದ ಮದ್ದು, ಆದರೆ ಎಚ್.264ರ 10 ಬಿಟ್ ಅನ್ನು ಫೋನಿನ ಚಿಪ್‌ಗಳು ಸಾಮಾನ್ಯವಾಗಿ ಡಿಕೋಡ್ ಮಾಡವು. 8 ಬಿಟ್‌ನಲ್ಲೇ ಉಳಿದು ಎಕ್ಸ್264ರ ಎಕ್ಯೂ ಮೋಡ್ 3 ಬಳಸಿ. ಅದು ಕತ್ತಲ ಭಾಗಗಳಿಗೆ ಹೆಚ್ಚು ಬಿಟ್ ಕೊಡುತ್ತದೆ. ತುಸು ಗ್ರೇನ್ (ಮರಳಿನಂಥ ಸಣ್ಣ ಕಣಗಳು) ಸೇರಿಸಿದರೂ ಪಟ್ಟಿ ಮರೆಯಾಗುತ್ತದೆ.

ಸೆಟ್ಟಿಂಗ್

ಹ್ಯಾಂಡ್‌ಬ್ರೇಕ್ ಉಚಿತ, ಕಲಿಯಲು ಸುಲಭ. ಅದರಲ್ಲಿ ಎಚ್.264 (ಎಕ್ಸ್264), ಪ್ರೊಫೈಲ್ ಹೈ, ಲೆವೆಲ್ 4.1, ಪ್ರಿಸೆಟ್ ಸ್ಲೋ. ಗುಣಮಟ್ಟದ ಅಂಕಿ, ಅಂದರೆ ಸಿಆರ್‌ಎಫ್, 1080ಪಿಗೆ 20, 720ಪಿಗೆ 21ರಿಂದ 22. ಅಂಕಿ ಕಡಿಮೆಯಾದಷ್ಟೂ ಗುಣ ಮೇಲು. 6 ಅಂಕ ಇಳಿಸಿದರೆ ಗಾತ್ರ ಸುಮಾರು ಇಮ್ಮಡಿ. ಎಚ್‌ಇವಿಸಿಯ ಎನ್‌ಕೋಡರ್ ಎಕ್ಸ್265ರಲ್ಲಿ ಅಂಕಿಯ ಅಳತೆಯೇ ಬೇರೆ, ಅಲ್ಲಿನ ಡಿಫಾಲ್ಟ್ 28, ಎಕ್ಸ್264ರದು 23. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಾಗೇ ಹಾಕಬೇಡಿ. ಕಾರ್ಟೂನ್, ಆನಿಮೆ ಕ್ಲಿಪ್‌ಗಳಿಗೆ ಟ್ಯೂನ್ ಆನಿಮೇಶನ್, ಬರೀ ಫೋಟೊಗಳ ಸರಣಿಗೆ ಟ್ಯೂನ್ ಸ್ಟಿಲ್‌ಇಮೇಜ್. ಕೀಫ್ರೇಮ್ (ಹಿಂದಿನದನ್ನು ನೆಚ್ಚದೆ ಪೂರ್ತಿ ಬರೆದ ಫ್ರೇಮ್) ಅಂತರದ ಡಿಫಾಲ್ಟ್ 250, ಅಂದರೆ 25 ಫ್ರೇಮ್‌ಗೆ 10 ಸೆಕೆಂಡ್. ಇಷ್ಟವಾದ ಸಾಲಿಗೆ ಹಾರುವವರಿಗೆ ಇದು ಕಿರಿಕಿರಿ, 50ರಿಂದ 100 ಇಡಿ. "ವೆಬ್ ಆಪ್ಟಿಮೈಸ್ಡ್" ಗುರುತು ಹಾಕಿ. ಅದು ಕಡತದ ಸೂಚಿಯನ್ನು ಕೊನೆಯಿಂದ ಮೊದಲಿಗೆ ತರುತ್ತದೆ, ಪೂರ್ತಿ ಇಳಿಯುವ ಮೊದಲೇ ವಿಡಿಯೊ ಓಡತೊಡಗುತ್ತದೆ.

ಗಾತ್ರದ ಮಿತಿ ಇದ್ದಾಗ ಸಿಆರ್‌ಎಫ್ ಬಿಟ್ಟು ಎರಡು ಪಾಸ್, ಅಂದರೆ ಮೊದಲ ಸಲ ವಿಡಿಯೊ ಅಳೆದು ಎರಡನೇ ಸಲ ಹಿಂಡುವುದು. ಲೆಕ್ಕ ಹೀಗೆ: 100 ಎಂಬಿ, 270 ಸೆಕೆಂಡಿನ ಹಾಡು. 100ನ್ನು 8000ದಿಂದ (1 ಎಂಬಿ ಎಂದರೆ 8000 ಕಿಲೋಬಿಟ್) ಗುಣಿಸಿ 270ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 2960 ಕಿಲೋಬಿಟ್. ಧ್ವನಿಗೆ 192 ಕಳೆದು, ಡಬ್ಬಿಯ ಖರ್ಚಿಗೆ ತುಸು ಬಿಟ್ಟು, ಚಿತ್ರಕ್ಕೆ 2700. ಈಗ ಇದನ್ನು ಸೆಕೆಂಡಿಗೆ ಬರುವ ಒಟ್ಟು ಪಿಕ್ಸೆಲ್‌ಗಳಿಂದ ಭಾಗಿಸಿ. 1080ಪಿ, 25 ಫ್ರೇಮ್‌ಗೆ ಪಿಕ್ಸೆಲ್ ಒಂದಕ್ಕೆ 0.05 ಬಿಟ್, 720ಪಿಗೆ 0.117. ಎಚ್.264ಕ್ಕೆ 0.1ರ ಆಸುಪಾಸು ನೆಮ್ಮದಿಯ ಅಂಕಿ. ಕಟ್ ಹೆಚ್ಚಿರುವ ವಿಡಿಯೊವನ್ನು ಇಷ್ಟು ಬಿಟ್‌ನಲ್ಲಿ 1080ಪಿಗೆ ತುರುಕುವುದಕ್ಕಿಂತ 720ಪಿ ಸ್ವಚ್ಛವಾಗಿ ಕಾಣುತ್ತದೆ.

ಎಲ್ಲಿಗೆ ಕಳಿಸುತ್ತೀರಿ

ವಾಟ್ಸ್ಯಾಪ್‌ನಲ್ಲಿ ವಿಡಿಯೊ ಎಂದು ಕಳಿಸಿದರೆ ಅದು ತಾನೇ ಮತ್ತೆ ಹಿಂಡುತ್ತದೆ. ಡಾಕ್ಯುಮೆಂಟ್ ಎಂದು ಲಗತ್ತಿಸಿ. 2 ಜಿಬಿವರೆಗೆ ಮುಟ್ಟದೆ ಹೋಗುತ್ತದೆ. ಯೂಟ್ಯೂಬ್ ಏನು ಕೊಟ್ಟರೂ ಮರುಹಿಂಡುತ್ತದೆ, ಆದ್ದರಿಂದ ಅಲ್ಲಿಗೆ ಸಣ್ಣ ಪ್ರತಿ ಬೇಡ: 1080ಪಿಗೆ 30 ಫ್ರೇಮ್‌ವರೆಗೆ 8 ಮೆಗಾಬಿಟ್ ಎಂಬುದು ಅವರದೇ ಸಲಹೆ, ಅದಕ್ಕಿಂತ ಹೆಚ್ಚು ಕೊಟ್ಟರೆ ನಷ್ಟವಿಲ್ಲ. ಕೊಡೆಕ್ ಬದಲಿಸಿದರೆ ಹಕ್ಕುಸ್ವಾಮ್ಯದ ಕ್ಲೇಮ್ ತಪ್ಪುತ್ತದೆ ಎಂಬ ನಂಬಿಕೆ ಸುಳ್ಳು. ಯೂಟ್ಯೂಬಿನ ಹಕ್ಕುಸ್ವಾಮ್ಯ ಪತ್ತೆ ವ್ಯವಸ್ಥೆ ಕಂಟೆಂಟ್ ಐಡಿ ಹೋಲಿಸುವುದು ಧ್ವನಿ ಮತ್ತು ಚಿತ್ರದ ಗುರುತನ್ನು.

ಧ್ವನಿ

ಹಾಡಿನ ವಿಡಿಯೊದಲ್ಲಿ ಧ್ವನಿಗೆ ಜಿಪುಣತನ ಮಾಡಬಾರದು. ಎಎಸಿ ಎಂಬ ಧ್ವನಿಯ ಕೊಡೆಕ್, 192ರಿಂದ 256 ಕಿಲೋಬಿಟ್, 48 ಕಿಲೋಹರ್ಟ್ಸ್. ಧಾರವಾಡದ ಮಣ್ಣಿನ ಹಿಂದುಸ್ತಾನಿ ಗಾಯನಕ್ಕೆ, ಮಲ್ಲಿಕಾರ್ಜುನ ಮನ್ಸೂರರಿಗೋ ಗಂಗೂಬಾಯಿ ಹಾನಗಲ್ಲರಿಗೋ ಗೌರವವಾಗಿ ವಿಡಿಯೊ ಮಾಡುವವರು ಇದನ್ನು ಗಮನಿಸಲೇಬೇಕು: 96 ಕಿಲೋಬಿಟ್ ಎಂಪಿ3ಯಲ್ಲಿ ತಂಬೂರಿಯ ಜವಾರಿಯ, ಅಂದರೆ ಝೇಂಕಾರದ, ಮೇಲಿನ ಸ್ವರಾಂಶಗಳು ಕರಗಿ ನೀರಿನ ಸುಳಿಯಂಥ ಸದ್ದು ಬರುತ್ತದೆ. ಹಳೆಯ ಮೋನೊ ಧ್ವನಿಮುದ್ರಣವನ್ನು ಮೋನೊ ಆಗಿಯೇ 128ರಲ್ಲಿ ಇಡಿ, ಸಾಕು. ಟೈಮ್‌ಲೈನಿಗೆ ಹಾಡನ್ನು ಎಂಪಿ3ಯಾಗಿ ಹಾಕದೆ ವೇವ್ (ಹಿಂಡದ ಧ್ವನಿ) ಆಗಿ ಹಾಕಿ. ಎಂಪಿ3ಯ ತಲೆಯಲ್ಲಿ ಎನ್‌ಕೋಡರ್ ಸೇರಿಸುವ ಮೌನ ಸೆಕೆಂಡಿನ ನಲವತ್ತನೇ ಭಾಗದಷ್ಟು. 25 ಫ್ರೇಮ್‌ನಲ್ಲಿ ಅದು ಅರ್ಧ ಫ್ರೇಮಿಗೂ ಹೆಚ್ಚು.

ಹಾಡು, ಚಿತ್ರ ಜೊತೆಗಿಲ್ಲದಿದ್ದಾಗ

"ಹಾಡು ಮುಂದ ಹೋಗೇತಿ, ಚಿತ್ರ ಹಿಂದ ಉಳದೇತಿ" ಎಂದರೆ ಮೊದಲ ಪೆಟ್ಟು, ನಡುವಿನ ಒಂದು, ಕೊನೆಯ ಒಂದು, ಮೂರೂ ಕಡೆ ನೋಡಿ. ಮೂರರಲ್ಲೂ ಒಂದೇ ಅಂತರವಿದ್ದರೆ ಅದು ಧ್ವನಿಯ ತಡ. ಟೈಮ್‌ಲೈನಿನಲ್ಲಿ ಅಷ್ಟೇ ಸರಿಸಿದರೆ ಆಯಿತು. ಮೊದಲು ಸರಿ ಇದ್ದು ಕೊನೆಗೆ ಹೆಚ್ಚಾಗುತ್ತಾ ಹೋದರೆ ಫ್ರೇಮ್ ದರದ ಗೊಂದಲ. 23.976ರ ವಿಡಿಯೊವನ್ನು 24 ಎಂದು ಓಡಿಸಿದರೆ 270 ಸೆಕೆಂಡಿನ ಹಾಡಿನ ಕೊನೆಗೆ 0.27 ಸೆಕೆಂಡ್, ಆರು ಫ್ರೇಮಿಗೂ ಮಿಕ್ಕು. ಅಂತರ ಅಲ್ಲಲ್ಲಿ ಹೆಚ್ಚು ಕಡಿಮೆ ಆಗುತ್ತಿದ್ದರೆ ಫೋನಿನಲ್ಲಿ ಚಿತ್ರಿಸಿದ ಕ್ಲಿಪ್‌ಗಳನ್ನು ಅನುಮಾನಿಸಿ: ಫೋನುಗಳು ಬೆಳಕಿಗೆ ತಕ್ಕಂತೆ ಫ್ರೇಮ್ ದರ ಏರಿಳಿಸುತ್ತವೆ. ಅಂಥ ಕ್ಲಿಪ್‌ಗಳನ್ನು ಎಡಿಟಿಂಗಿಗೆ ತೆಗೆದುಕೊಳ್ಳುವ ಮೊದಲೇ ಹ್ಯಾಂಡ್‌ಬ್ರೇಕ್‌ನಲ್ಲಿ "ಕಾನ್‌ಸ್ಟಂಟ್ ಫ್ರೇಮ್‌ರೇಟ್" ಆರಿಸಿ, ಸಿಆರ್‌ಎಫ್ 14ರಲ್ಲಿ ಒಮ್ಮೆ ತೆಗೆದುಕೊಳ್ಳಿ. ಆಮೇಲೆ ಹಾಕಿದ ಕಟ್ ಹಾಕಿದಲ್ಲೇ ನಿಲ್ಲುತ್ತದೆ.