ಅದೇ 50 ಮಂದಿ, ಎರಡು ಉತ್ತರ: ಎನ್‌ಎಫ್‌ಎಲ್ ಪ್ರಶಸ್ತಿಗಳ ಹಳೇ ಜಗಳ

ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನ 2024ರ ಸೀಸನ್‌ನಲ್ಲಿ ಲೀಗ್ ಪಂದ್ಯಗಳು ಮುಗಿದಾಗ 50 ಮಂದಿಗೆ ಎರಡು ಪ್ರಶ್ನೆ ಹೋದವು. ಈ 50 ಮಂದಿಯನ್ನು ಆರಿಸುವುದು ಅಸೋಸಿಯೇಟೆಡ್ ಪ್ರೆಸ್ (ಎಪಿ) ಸುದ್ದಿಸಂಸ್ಥೆ. ಎಲ್ಲರೂ ಅಮೆರಿಕನ್ ಫುಟ್‌ಬಾಲನ್ನೇ ಉಸಿರಾಡುವ ಮಾಧ್ಯಮದವರು.

ಮೊದಲ ಪ್ರಶ್ನೆ: ವರ್ಷದ ಅತ್ಯುತ್ತಮ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ತಂಡದ ದಾಳಿ ನಡೆಸುವವನು, ಯಾರು? 30 ಮಂದಿ ಬಾಲ್ಟಿಮೋರ್ ರೇವನ್ಸ್ ತಂಡದ ಲಮಾರ್ ಜಾಕ್ಸನ್ ಅಂದರು. ಬಫಲೋ ಬಿಲ್ಸ್‌ನ ಜೋಶ್ ಅಲೆನ್‌ಗೆ ಸಿಕ್ಕಿದ್ದು 18 ಮತ. ಎರಡನೇ ಪ್ರಶ್ನೆ: ವರ್ಷದ ಅತಿ ಮೌಲ್ಯಯುತ ಆಟಗಾರ, ಅಂದರೆ ಎಂವಿಪಿ, ಯಾರು? ಈಗ ಮೊದಲ ಸ್ಥಾನದ ಮತ ಅಲೆನ್‌ಗೆ 27, ಜಾಕ್ಸನ್‌ಗೆ 23. ಅದೇ ಜನ, ಅದೇ ಪಂದ್ಯಗಳು, ಬೇರೆ ಉತ್ತರ! ಕನಿಷ್ಠ 7 ಮಂದಿ ‘ಜಾಕ್ಸನ್ನೇ ಉತ್ತಮ ಕ್ವಾರ್ಟರ್‌ಬ್ಯಾಕ್, ಆದರೆ ಎಂವಿಪಿ ಬೇರೆಯವರು’ ಅಂದಂತಾಯಿತು.

ಇದು ತಲೆಕೆಟ್ಟ ಮಾತು ಅನ್ನಿಸಬಹುದು. ಆದರೆ ಸೋತ ತಂಡದವನು ಶತಕ ಹೊಡೆದಾಗ ಪಂದ್ಯಶ್ರೇಷ್ಠ ಯಾರಿಗೆ ಕೊಡಬೇಕು ಅಂತ ನಾವೂ ಜಗಳ ಆಡಿದವರೇ ಅಲ್ವಾ? ‘ಉತ್ತಮ’ ಬೇರೆ, ‘ಮೌಲ್ಯಯುತ’ ಬೇರೆ. ಆ ‘ಮೌಲ್ಯ’ ಅಂದರೆ ಏನು ಅಂತ ಎಪಿ ಯಾವತ್ತೂ ಬಿಡಿಸಿ ಹೇಳಿಲ್ಲ. ಮತ ಹಾಕುವವರು ಅವರವರ ಅರ್ಥ ಹಚ್ಚಿಕೊಳ್ಳುತ್ತಾರೆ. ಅಲೆನ್ ಸುತ್ತ ದೊಡ್ಡ ಹೆಸರಿನವರು ಕಡಿಮೆ ಇದ್ದರು, ಆದರೂ ತಂಡವನ್ನು ಎಳೆದುಕೊಂಡು ಹೋದ ಅನ್ನುವುದು ಒಂದು ವಾದ. ಜಾಕ್ಸನ್‌ಗೆ 2019ರಲ್ಲಿ ಅಷ್ಟೂ ಮತ, 2023ರಲ್ಲಿ 50ಕ್ಕೆ 49 ಮತ ಕೊಟ್ಟಾಗಿದೆ, ಇನ್ನೂ ಎಷ್ಟು ಸಲ ಅನ್ನುವ ಬೇಸರವೂ ಕೆಲಸ ಮಾಡಿತು ಅಂತ ಆತನ ಅಭಿಮಾನಿಗಳು ಗೊಣಗಿದರು. 2024ರಲ್ಲಿ ಜಾಕ್ಸನ್ ಚೆಂಡು ಎಸೆದು (ಪಾಸ್ ಮಾಡಿ) ತಂಡವನ್ನು 4,172 ಗಜ ಮುಂದೊಯ್ದು, ತಾನೇ ಚೆಂಡು ಹಿಡಿದು 915 ಗಜ ಓಡಿದ್ದ. ಒಂದೇ ಸೀಸನ್‌ನಲ್ಲಿ 4,000 ಗಜ ಪಾಸ್, 900 ಗಜ ಓಟ ಎರಡನ್ನೂ ಅದಕ್ಕೆ ಮುಂಚೆ ಯಾರೂ ಮಾಡಿರಲಿಲ್ಲ.

ಪಟ್ಟಿಯನ್ನು ಹಿಂದಕ್ಕೆ ಓದುತ್ತಾ ಹೋದರೆ ಈ ಪ್ರಶಸ್ತಿಗೆ ಒಂದು ಕಾಲದಲ್ಲಿ ಎಷ್ಟು ದೊಡ್ಡ ಮನಸ್ಸಿತ್ತು ಅಂತ ಗೊತ್ತಾಗುತ್ತದೆ. 1971ರಲ್ಲಿ ಆಲನ್ ಪೇಜ್, 1986ರಲ್ಲಿ ಲಾರೆನ್ಸ್ ಟೇಲರ್. ಇಬ್ಬರೂ ಎದುರಾಳಿಯನ್ನು ತಡೆಯುವ ಡಿಫೆನ್ಸ್ ಆಟಗಾರರು. 1982ರಲ್ಲಂತೂ ಚೆಂಡು ಒದೆಯುವುದಷ್ಟೇ ಕೆಲಸವಾಗಿದ್ದ ಮಾರ್ಕ್ ಮೋಸ್ಲಿ ಎಂವಿಪಿ ಆದ. ಆಟಗಾರರ ಮುಷ್ಕರದಿಂದ ಆ ಸಲ ನಡೆದದ್ದೇ 9 ಸುತ್ತು ಪಂದ್ಯ. ಮೋಸ್ಲಿ 21 ಫೀಲ್ಡ್ ಗೋಲ್ (ಚೆಂಡನ್ನು ಕಂಬಗಳ ನಡುವೆ ಒದೆಯುವುದು) ಯತ್ನಗಳಲ್ಲಿ 20 ಗಳಿಸಿದ್ದ. ಇವತ್ತು ಒದೆಯುವವನ ಹೆಸರೆತ್ತಿದರೆ ನಗುತ್ತಾರೆ. 2012ರಲ್ಲಿ ಚೆಂಡು ಹಿಡಿದು ಓಡುವುದೇ ಕೆಲಸವಾಗಿದ್ದ ಏಡ್ರಿಯನ್ ಪೀಟರ್ಸನ್ 2,097 ಗಜ ಓಡಿ ಗೆದ್ದದ್ದೇ ಕೊನೆ. ಅದಾದ ಮೇಲೆ ಪ್ರಶಸ್ತಿ ಕ್ವಾರ್ಟರ್‌ಬ್ಯಾಕ್‌ಗಳ ಆಸ್ತಿಯಾಗಿದೆ.

ಈ ಜಗಳ ಬಗೆಹರಿಸಲಿ ಅಂತಲೇ ಅಂಕಿಗಳನ್ನು ಕರೆತಂದರು. ಅವು ಬಂದು ಇನ್ನೊಂದು ಜಗಳ ಶುರುಮಾಡಿದವು.

ವರ್ಷದ ಉತ್ತಮ ಪಾಸರ್ ಯಾರು ಅಂತ ತೀರ್ಮಾನಿಸುವ ವಿಧಾನವನ್ನು ಲೀಗ್ ದಶಕಗಳ ಕಾಲ ಬದಲಿಸುತ್ತಲೇ ಇತ್ತು. ಕೆಲವು ವರ್ಷ ಒಟ್ಟು ಗಜ, ಕೆಲವು ವರ್ಷ ಸರಿಯಾಗಿ ಕೈಸೇರಿದ ಪಾಸ್‌ಗಳ ಶೇಕಡಾವಾರು, ಇನ್ನು ಕೆಲವು ವರ್ಷ ಎಸೆತಕ್ಕೆ ಎಷ್ಟು ಗಜ ಅನ್ನುವ ಲೆಕ್ಕ. ಕಮಿಷನರ್ ಪೀಟ್ ರೊಝೆಲ್‌ಗೆ ಸಾಕಾಗಿ ಒಂದು ಸಮಿತಿಗೆ ಹೇಳಿದ. ಫುಟ್‌ಬಾಲ್ ಹಾಲ್ ಆಫ್ ಫೇಮ್‌ನಲ್ಲಿ ಕೆಲಸ ಮಾಡುತ್ತಿದ್ದ ಡಾನ್ ಸ್ಮಿತ್ ಮುಂದಾಳತ್ವದಲ್ಲಿ ಹೊಸ ಸೂತ್ರ ತಯಾರಾಗಿ, 1973ರಲ್ಲಿ ಜಾರಿಗೆ ಬಂತು. ಅದೇ ಪಾಸರ್ ರೇಟಿಂಗ್.

ಸೂತ್ರದಲ್ಲಿ ನಾಲ್ಕು ಸಾಮಾನು: ಕೈಸೇರಿದ ಪಾಸ್‌ಗಳ ಪ್ರಮಾಣ, ಎಸೆತಕ್ಕೆ ಗಜ, ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ ಅಂಕ ಗಳಿಸುವುದು) ಪ್ರಮಾಣ, ಇಂಟರ್‌ಸೆಪ್ಷನ್ (ಎಸೆದ ಚೆಂಡನ್ನು ಎದುರಾಳಿ ಹಿಡಿಯುವುದು) ಪ್ರಮಾಣ. ಒಂದೊಂದಕ್ಕೂ ಸೊನ್ನೆಯಿಂದ 2.375ರವರೆಗೆ ಅಂಕ. ನಾಲ್ಕನ್ನೂ ಕೂಡಿಸಿ, 6ರಿಂದ ಭಾಗಿಸಿ, 100ರಿಂದ ಗುಣಿಸಬೇಕು. ಹಾಗಾಗಿ ‘ಪರಿಪೂರ್ಣ’ ಆಟಕ್ಕೆ 100 ಬರುವುದಿಲ್ಲ, 158.3 ಬರುತ್ತದೆ. ಯಾಕೆ 158.3 ಅಂತ ಸುಮ್ನೆ ಯಾರನ್ನಾದರೂ ಕೇಳಿ ನೋಡಿ. ಡಕ್‌ವರ್ತ್ ಲೂಯಿಸ್ ಬಗ್ಗೆ ಕೇಳಿದಾಗ ನಮ್ಮವರು ಮಾಡುವ ಮುಖವನ್ನೇ ಮಾಡುತ್ತಾರೆ.

ಇನ್ನೂ ತಮಾಷೆ ಇದೆ. ಒಬ್ಬ ಕ್ವಾರ್ಟರ್‌ಬ್ಯಾಕ್ ಇಡೀ ಪಂದ್ಯದಲ್ಲಿ ಪ್ರತಿ ಚೆಂಡನ್ನೂ ನೆಲಕ್ಕೇ ಎಸೆದ ಅಂದುಕೊಳ್ಳಿ. ಮೊದಲ ಮೂರರಲ್ಲಿ ಸೊನ್ನೆ. ಆದರೆ ಎದುರಾಳಿ ಒಂದನ್ನೂ ಹಿಡಿದಿಲ್ಲವಲ್ಲ? ನಾಲ್ಕನೆಯದರಲ್ಲಿ ಪೂರ್ತಿ 2.375. ರೇಟಿಂಗ್ 39.6! ಮೂರು ನಾಲ್ಕು ಇಂಟರ್‌ಸೆಪ್ಷನ್ ಕೊಟ್ಟರೂ ತಂಡವನ್ನು ಮುಂದೊಯ್ಯಲು ಹೆಣಗಾಡಿದವನಿಗೆ ಎಷ್ಟೋ ಸಲ ಇದಕ್ಕಿಂತ ಕಡಿಮೆ ಬರುತ್ತದೆ. ಸೂತ್ರ ಮಾಡಿದಾಗ ಹಿಂದಿನ ದಶಕದ ಆಟ ನೋಡಿ ಸರಾಸರಿ 66.7 ಅಂತ ಇಟ್ಟುಕೊಂಡಿದ್ದರು. ಈಗಿನ ನಿಯಮಗಳಲ್ಲಿ ಪಾಸ್ ಮಾಡುವುದು ಸುಲಭವಾಗಿ, ಸರಾಸರಿ 90ರ ಹತ್ತಿರ ಕೂತಿದೆ. ಓಟ, ಚೆಂಡು ಕೈಜಾರುವುದು, ಸ್ಯಾಕ್ (ಎಸೆಯುವ ಮುಂಚೆಯೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಯಾವುದೂ ಇದರ ಲೆಕ್ಕಕ್ಕಿಲ್ಲ. 2011ರಲ್ಲಿ ಇಎಸ್‌ಪಿಎನ್ ಇದೆಲ್ಲವನ್ನೂ ಸೇರಿಸಿ 0ಯಿಂದ 100ರ ಕ್ಯೂಬಿಆರ್ ಅನ್ನುವ ಇನ್ನೊಂದು ರೇಟಿಂಗ್ ತಂದಿತು. ಆದರೆ ಅದನ್ನು ಮನೆಯಲ್ಲಿ ಕೂತು ಪೆನ್ನು ಹಿಡಿದು ಲೆಕ್ಕ ಹಾಕಲು ಆಗುವುದಿಲ್ಲ. ನಂಬಬೇಕು, ಇಲ್ಲ ಬೈಯಬೇಕು.

ಇವೆಲ್ಲ ಚೆಂಡು ಮುಟ್ಟುವವರ ಕಥೆ. ಕ್ವಾರ್ಟರ್‌ಬ್ಯಾಕ್ ಮುಂದೆ ಗೋಡೆಯಂತೆ ನಿಲ್ಲುವ ಐವರಿಗೆ ಅಂಕಿಯೇ ಇರಲಿಲ್ಲ. ಆ ಜಾಗಕ್ಕೆ ಬಂದದ್ದು ಆಟಗಾರರಿಗೆಲ್ಲ ಗ್ರೇಡ್ ಕೊಡುವ ಪಿಎಫ್‌ಎಫ್ (ಪ್ರೋ ಫುಟ್‌ಬಾಲ್ ಫೋಕಸ್) ಸಂಸ್ಥೆ. ಇದನ್ನು ಶುರುಮಾಡಿದ ನೀಲ್ ಹಾರ್ನ್ಸ್‌ಬಿ ಇಂಗ್ಲೆಂಡಿನವನು ಅನ್ನುವುದೇ ಒಂದು ಸೋಜಿಗ. ಪ್ರತಿ ಆಟಗಾರನಿಗೆ, ಪ್ರತಿ ಪ್ಲೇಗೆ (ಆಟದ ಒಂದೊಂದು ತುಣುಕಿಗೆ), ಮೈನಸ್ 2ರಿಂದ ಪ್ಲಸ್ 2ರವರೆಗೆ ಅರ್ಧರ್ಧ ಅಂಕದ ಲೆಕ್ಕದಲ್ಲಿ ಗ್ರೇಡ್. ವಿಡಿಯೊ ನೋಡಿ ಕೊಡುವವರು ಮನುಷ್ಯರು.

2015ರ ಸೆಪ್ಟೆಂಬರ್‌ನಲ್ಲಿ ಒಂದು ಸೋಮವಾರ ರಾತ್ರಿ ಗ್ರೀನ್ ಬೇ ತಂಡದ ಏರನ್ ರಾಡ್ಜರ್ಸ್ ಕ್ಯಾನ್ಸಸ್ ಸಿಟಿ ವಿರುದ್ಧ 333 ಗಜ, 5 ಟಚ್‌ಡೌನ್ ಪಾಸ್ ಮಾಡಿದ. ಇಂಟರ್‌ಸೆಪ್ಷನ್ ಒಂದೂ ಇಲ್ಲ. ಪಿಎಫ್‌ಎಫ್ ಕೊಟ್ಟ ಗ್ರೇಡ್ ಸೊನ್ನೆಗಿಂತ ಕೆಳಗೆ! ಅವರ ವಾದ ಹೀಗಿತ್ತು: ಆ ಟಚ್‌ಡೌನ್‌ಗಳಲ್ಲಿ ಚೆಂಡು ಹಿಡಿದವರ ಪಾಲು ಜಾಸ್ತಿ, ರಾಡ್ಜರ್ಸ್ ಮಾಡಿದ ತಪ್ಪುಗಳು ಸ್ಕೋರ್ ಕಾರ್ಡಿಗೆ ಬರಲಿಲ್ಲ, ಅಷ್ಟೆ. ನನಗೆ ಕೇಳಿದರೆ ವಾದದಲ್ಲಿ ಹುರುಳಿದೆ. ಆದರೆ 5 ಟಚ್‌ಡೌನ್ ಹೊಡೆದವನಿಗೆ ಮೈನಸ್ ಕೊಡುವ ಅಳತೆಗೋಲನ್ನು ಜನ ಒಪ್ಪುವುದು ಕಷ್ಟ. ಬೈಗುಳದ ಮಳೆಯೇ ಆಯಿತು.

ಲೀಗ್‌ನ ತಾರಾ ಆಟಗಾರರ ಕೂಟವಾದ ಪ್ರೋ ಬೌಲ್‌ನದು ಇನ್ನೊಂದು ಗೋಳು. ಅಭಿಮಾನಿಗಳು, ಆಟಗಾರರು, ಕೋಚ್‌ಗಳು ಸೇರಿ ಆರಿಸುತ್ತಾರೆ. ಆಯ್ಕೆಯಾದವರು ಗಾಯ, ಸೂಪರ್ ಬೌಲ್ (ಲೀಗ್‌ನ ಫೈನಲ್) ಅಂತ ಹಿಂದೆ ಸರಿದರೆ ಸಾಲಿನಲ್ಲಿ ಮುಂದಿನವರಿಗೆ ಕರೆ. ಹೀಗೆ 2022ರ ಸೀಸನ್‌ನಲ್ಲಿ ಬರೀ 4 ಪಂದ್ಯ ಶುರುಮಾಡಿ, 658 ಗಜ, 2 ಟಚ್‌ಡೌನ್ ಪಾಸ್ ಮಾಡಿದ್ದ ಕ್ವಾರ್ಟರ್‌ಬ್ಯಾಕ್ ಟೈಲರ್ ಹಂಟ್ಲಿ ‘ಪ್ರೋ ಬೌಲರ್’ ಆದ. ನಕ್ಕು ಬಿಡಬಹುದಿತ್ತು, ಇದರ ಹಿಂದೆ ದುಡ್ಡು ಇಲ್ಲದಿದ್ದರೆ. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2020ರ ಒಪ್ಪಂದದ ಪ್ರಕಾರ, ಡ್ರಾಫ್ಟ್‌ನ (ತಂಡಗಳು ಸರದಿಯಲ್ಲಿ ಹೊಸಬರನ್ನು ಆರಿಸಿಕೊಳ್ಳುವುದು) ಮೊದಲ ಸುತ್ತಿನಲ್ಲಿ ಬಂದ ಆಟಗಾರನ ಐದನೇ ವರ್ಷದ ಸಂಬಳ ಎಷ್ಟು ಅನ್ನುವುದಕ್ಕೆ ಪ್ರೋ ಬೌಲ್ ಆಯ್ಕೆಯೂ ಒಂದು ಅಳತೆ. ಮೂಲ ಪಟ್ಟಿಯಲ್ಲಿ ಹೆಸರಿರಬೇಕು, ಬದಲಿಯಾಗಿ ಹೋದರೆ ಲೆಕ್ಕಕ್ಕಿಲ್ಲ.

ಎಂವಿಪಿ ಮತದಾನವನ್ನೂ ಎಪಿ 2022ರಲ್ಲಿ ತಿದ್ದಿತು. ಒಂದೇ ಹೆಸರು ಬರೆಯುವುದು ಹೋಗಿ, ಐದು ಹೆಸರಿಗೆ 10, 5, 3, 2, 1 ಅಂಕ. 2024ರ ಸೀಸನ್‌ಗೆ ಅಲೆನ್ 383, ಜಾಕ್ಸನ್ 362. ಅಂಕ ಬಿಡಿಸಿ ನೋಡಿದರೆ ಯಾರೋ ಒಬ್ಬರು ಜಾಕ್ಸನ್‌ನನ್ನು ನಾಲ್ಕನೇ ಸ್ಥಾನಕ್ಕೆ ತಳ್ಳಿದ್ದು ಕಾಣುತ್ತದೆ.

ಫಲಿತಾಂಶ ಹೊರಬೀಳುವ ಮುಂಚೆಯೇ, 2025ರ ಜನವರಿಯಲ್ಲಿ, ಇಬ್ಬರೂ ಬಫಲೋದ ಚಳಿಯಲ್ಲಿ ಪ್ಲೇಆಫ್ ಪಂದ್ಯದಲ್ಲಿ ಎದುರಾದರು. ಜಾಕ್ಸನ್ 254 ಗಜ, 2 ಟಚ್‌ಡೌನ್, 1 ಇಂಟರ್‌ಸೆಪ್ಷನ್: ರೇಟಿಂಗ್ 114. ಅಲೆನ್ ಪಾಸ್ ಮಾಡಿದ್ದು 127 ಗಜ, ಟಚ್‌ಡೌನ್ ಪಾಸ್ ಒಂದೂ ಇಲ್ಲ: ರೇಟಿಂಗ್ 87. ಆದರೆ ಅಲೆನ್ ತಾನೇ ಚೆಂಡು ಹಿಡಿದು ನುಗ್ಗಿ 2 ಟಚ್‌ಡೌನ್ ಮಾಡಿದ್ದ. ಜಾಕ್ಸನ್ ಒಮ್ಮೆ ಚೆಂಡು ಕೈಬಿಟ್ಟು ಎದುರಾಳಿಗೆ ಒಪ್ಪಿಸಿದ್ದ. 1973ರ ಸೂತ್ರಕ್ಕೆ ಎರಡೂ ಕಾಣುವುದಿಲ್ಲ. ಕೊನೆಯ ಎರಡು ನಿಮಿಷದೊಳಗೆ ಪಂದ್ಯ ಸಮ ಮಾಡಲು ಜಾಕ್ಸನ್ ಎಸೆದ ಚೆಂಡು ತನ್ನದೇ ತಂಡದ ಮಾರ್ಕ್ ಆಂಡ್ರೂಸ್ ಕೈಗೆ ಬಂದು ಜಾರಿತು. ಬಿಲ್ಸ್ 27, ರೇವನ್ಸ್ 25. ಎಂವಿಪಿ ಮತಗಳನ್ನು ಮಾತ್ರ ಪ್ಲೇಆಫ್ ಶುರುವಾಗುವ ಮುಂಚೆಯೇ ಹಾಕಿಯಾಗಿತ್ತು.