1914ರ ಕ್ರಿಸ್‌ಮಸ್: ಗುಂಡು ನಿಂತಾಗ ಸೈನಿಕರು ಮಾಡಿದ್ದೇನು?

ಓದುಗರ ಪ್ರಶ್ನೆ: ಮೊದಲನೇ ಮಹಾಯುದ್ಧದ ವೇಳೆ ಬ್ರಿಟಿಷ್ ಮತ್ತು ಜರ್ಮನ್ ಸೈನಿಕರು ಕ್ರಿಸ್‌ಮಸ್ ದಿನ ಯುದ್ಧ ನಿಲ್ಲಿಸಿ ಒಟ್ಟಿಗೆ ಫುಟ್‌ಬಾಲ್ ಆಡಿದರಂತೆ. ಇದು ನಿಜವಾ, ಕಟ್ಟುಕತೆಯಾ?

ಗುಂಡು ನಿಲ್ಲಿಸಿದ್ದು ನಿಜ. ಫುಟ್‌ಬಾಲ್ ಮಾತ್ರ ಆಮೇಲೆ ಜಾಸ್ತಿ ಬೆಳೆದ ಮಾತು.

ಬೆಲ್ಜಿಯಂ ಮತ್ತು ಉತ್ತರ ಫ್ರಾನ್ಸಿನಲ್ಲಿ ಎರಡೂ ಸೇನೆಗಳು ಕಂದಕ ತೋಡಿಕೊಂಡು ಕೂತಿದ್ದವು. ಕೆಲವು ಕಡೆ ನಡುವೆ ನೂರು ಮೀಟರ್ ಕೂಡ ಇರಲಿಲ್ಲ. ಡಿಸೆಂಬರ್ ಪೂರ್ತಿ ಮಳೆ, ಮೊಣಕಾಲುದ್ದ ಕೆಸರು. 24ರ ಹೊತ್ತಿಗೆ ಮಳೆ ನಿಂತು ನೆಲ ಹೆಪ್ಪುಗಟ್ಟಿತು. ಅಂದು ರಾತ್ರಿ ಜರ್ಮನ್ನರು ಕಂದಕದ ಅಂಚಿನಲ್ಲಿ ಪುಟ್ಟ ಮರಗಳನ್ನಿಟ್ಟು ಮೇಣದಬತ್ತಿ ಹಚ್ಚಿದರು, ಹಾಡತೊಡಗಿದರು. ಈ ಕಡೆಯವರೂ ಹಾಡಿದರು. ಬೆಳಗಾದ ಮೇಲೆ ಒಬ್ಬೊಬ್ಬರಾಗಿ ಬರಿಗೈಯಲ್ಲಿ ಹೊರಗೆ ಬಂದರು. ಸಿಗರೇಟು, ತಿಂಡಿ, ಸಮವಸ್ತ್ರದ ಗುಂಡಿಗಳನ್ನು ಬದಲಾಯಿಸಿಕೊಂಡರು. ಬ್ರಿಟಿಷರ ಪರ ಹೋರಾಡುತ್ತಿದ್ದ ನಮ್ಮ ಗಢವಾಲ್ ರೈಫಲ್ಸ್‌ನ ಸೈನಿಕರೂ ಅಂದು ಜರ್ಮನ್ನರ ಜೊತೆ ಮಾತಿಗೆ ನಿಂತಿದ್ದರು. ಈ ಸಂಗತಿ ನಮ್ಮಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ.

ಇದು ಎಲ್ಲ ಕಡೆ ಆಗಲಿಲ್ಲ, ಅದನ್ನೂ ಹೇಳಲೇಬೇಕು. ಕೆಲವು ಜಾಗಗಳಲ್ಲಿ ಅಂದೂ ಗುಂಡು ಹಾರಿತು, ಜನ ಸತ್ತರು. ತಮ್ಮ ನೆಲವನ್ನೇ ಶತ್ರು ಹಿಡಿದಿದ್ದರಿಂದ ಫ್ರೆಂಚರು, ಬೆಲ್ಜಿಯನ್ನರಲ್ಲಿ ಕೈಕುಲುಕುವ ಮನಸ್ಸು ಕಮ್ಮಿಯೇ ಇತ್ತು.

ಈಗ ಫುಟ್‌ಬಾಲ್. ಸೈನಿಕರ ಕೆಲವು ಪತ್ರಗಳಲ್ಲಿ ಆಟದ ಮಾತು ಬರುತ್ತದೆ, ಆದರೆ ಎಷ್ಟೋ ಸಲ ‘ಪಕ್ಕದ ರೆಜಿಮೆಂಟಿನವರು ಆಡಿದರಂತೆ’ ಎನ್ನುವ ಧಾಟಿಯಲ್ಲಿ. ಶೆಲ್ ಬಿದ್ದು ಗುಂಡಿ ಬಿದ್ದ ಆ ನೆಲದಲ್ಲಿ ಸರಿಯಾದ ಪಂದ್ಯ ನಡೆಸುವುದು ಕಷ್ಟವೇ. ಅಲ್ಲಲ್ಲಿ ಸುಮ್ನೆ ಚೆಂಡು ಒದ್ದಿರಬೇಕು ಅಂತ ನನಗನ್ನಿಸುತ್ತದೆ.

ಆ ದಿನದ ನಿಜವಾದ ತೂಕ ಬೇರೆ ಕಡೆ ಇದೆ. ಮುಳ್ಳುತಂತಿಗಳ ನಡುವೆ ವಾರಗಟ್ಟಲೆ ಬಿದ್ದಿದ್ದ ಗೆಳೆಯರ ಹೆಣಗಳನ್ನು ಆಚೆ ತರಲು ಅವತ್ತೇ ಅವಕಾಶ ಸಿಕ್ಕಿದ್ದು. ಫ್ರಾನ್ಸಿನ ಫ್ಲೂರ್ಬೆ ಬಳಿ ಎರಡೂ ಕಡೆಯವರು ಸೇರಿ ಮಣ್ಣು ಮಾಡಿದರು. ಬೈಬಲ್ಲಿನ 23ನೇ ಕೀರ್ತನೆಯನ್ನು ಇಂಗ್ಲಿಷಿನಲ್ಲಿ ಓದಿದರು, ಜರ್ಮನ್ನಿನಲ್ಲೂ ಓದಿದರು. ಎದುರಿಗೆ ನಿಂತವನು ಅವರನ್ನು ಕೊಂದವನೇ ಇರಬಹುದಿತ್ತು, ಅಲ್ವಾ? ಆದರೂ ಟೋಪಿ ತೆಗೆದು ಜೊತೆಗೆ ನಿಂತರು.

ಇನ್ನೊಂದು ನೆನಪು ಸದ್ದಿಲ್ಲದಿರುವುದರದ್ದು. ಸ್ಕಾಟ್ಲೆಂಡಿನ ಆಲ್ಫ್ರೆಡ್ ಆಂಡರ್ಸನ್ ಅಂದು ಕಂದಕದ ಹಿಂದಿನ ಒಂದು ತೋಟದ ಮನೆಯಲ್ಲಿದ್ದರು. ಕೈಕುಲುಕಿದ್ದನ್ನು ಅವರು ನೋಡಲಿಲ್ಲ. ಗುಂಡಿನ ಸದ್ದು ನಿಂತುಹೋಗಿದ್ದು ಮಾತ್ರ ತೊಂಬತ್ತು ವರ್ಷವಾದರೂ ಮರೆಯಲಿಲ್ಲ. 2005ರಲ್ಲಿ, 109ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಮೇಲಧಿಕಾರಿಗಳಿಗೆ ಇದೆಲ್ಲ ಹಿಡಿಸಲಿಲ್ಲ. ಶತ್ರುವಿನ ಮುಖ ಪರಿಚಯವಾದರೆ ಗುಂಡು ಹೊಡೆಯಲು ಕೈ ಏಳುವುದಿಲ್ಲ ಎಂಬ ಭಯ ಅವರಿಗೆ. 1915ರ ಕ್ರಿಸ್‌ಮಸ್‌ಗೆ ಕಟ್ಟುನಿಟ್ಟಾದ ಆದೇಶ ಹೊರಟಿತು. ಆದರೂ ಸ್ಕಾಟ್ಸ್ ಗಾರ್ಡ್ಸ್‌ನ ಕ್ಯಾಪ್ಟನ್ ಇಯನ್ ಕಹೂನ್, ಸತ್ತವರನ್ನು ಹೂಳಲೆಂದು ಸ್ವಲ್ಪ ಹೊತ್ತು ಗುಂಡು ನಿಲ್ಲಿಸಲು ಒಪ್ಪಿಕೊಂಡರು. 1916ರ ಜನವರಿಯಲ್ಲಿ ಅವರನ್ನು ಸೇನಾ ನ್ಯಾಯಾಲಯದ ಮುಂದೆ ನಿಲ್ಲಿಸಿ, ಛೀಮಾರಿ ಹಾಕಿದರು.