ಬೇಲೂರಿನ ಶಿಲ್ಪಿ ಯಾರು? ಇತಿಹಾಸದ ಅಸೈನ್‌ಮೆಂಟಿಗೆ ಆಕರ ಹುಡುಕುವ ಬಗೆ

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಇತಿಹಾಸದ ವಿದ್ಯಾರ್ಥಿಗಳು ನಮ್ಮ ಲೈಬ್ರರಿಗೆ ಬಂದು, "ಸರ್, ಈ ಟಾಪಿಕ್‌ಗೆ ಯಾವ ಪುಸ್ತಕ ಇದೆ?" ಅಂತ ಕೇಳುತ್ತಾರೆ. ಪುಸ್ತಕ ಕೊಡುವ ಮೊದಲು ನಾನೂ ಒಂದು ಕೇಳುತ್ತೇನೆ: ನೀವು ಓದಿಕೊಂಡು ಬಂದ ವಿಷಯವನ್ನು ಮೊದಲು ಹೇಳಿದವರು ಯಾರು, ಏನನ್ನು ನೋಡಿ ಹೇಳಿದರು?

ಬೇಲೂರಿನ ಚೆನ್ನಕೇಶವ ದೇವಾಲಯವನ್ನೇ ನೋಡಿ. ಗೂಗಲ್‌ನಲ್ಲಿ ಹುಡುಕಿದರೆ ಶಿಲ್ಪಿ ಜಕಣಾಚಾರಿ ಅಂತ ಎಷ್ಟೋ ಪುಟಗಳು ಸಿಗುತ್ತವೆ. ಹೆಚ್ಚಿನವು ಒಂದನ್ನು ನೋಡಿ ಇನ್ನೊಂದು ಬರೆದವು. ಹತ್ತು ಕಡೆ ಇದೆ ಅಂದ ಮಾತ್ರಕ್ಕೆ ಹತ್ತು ಸಾಕ್ಷಿ ಆಗುವುದಿಲ್ಲ, ಅಲ್ವಾ? ಜಕಣಾಚಾರಿಯ ಕಥೆ ಜನ ಉಳಿಸಿಕೊಂಡು ಬಂದ ಐತಿಹ್ಯ, ಅದಕ್ಕೆ ಅದರದೇ ಬೆಲೆ ಇದೆ. ಆದರೆ ಅಲ್ಲಿನ ಶಿಲ್ಪಗಳ ಮೇಲೆ ಕೊರೆದಿರುವ ಹೆಸರುಗಳು ಬೇರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಲ್ಲಿ ಸಿಗುತ್ತಾರೆ. ಅಸೈನ್‌ಮೆಂಟಿನಲ್ಲಿ ಎರಡನ್ನೂ ಬರೆಯಿರಿ, ಯಾವುದು ಶಾಸನ, ಯಾವುದು ಐತಿಹ್ಯ ಅಂತ ಬೇರೆ ಮಾಡಿ ಬರೆಯಿರಿ.

ಶಾಸನ ನೋಡಲು ಬೇಲೂರಿಗೇ ಹೋಗಬೇಕಿಲ್ಲ. ಬಿ.ಎಲ್. ರೈಸ್ 1886ರಲ್ಲಿ ಶುರುಮಾಡಿದ ಶಾಸನಗಳ ಸಂಗ್ರಹ ಎಪಿಗ್ರಾಫಿಯ ಕರ್ನಾಟಿಕದ (ಚಿಕ್ಕದಾಗಿ ಎ.ಕ.) ಹಳೆಯ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಕನ್ನಡ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ ಮೂರೂ ಅದರಲ್ಲಿವೆ. ಹುಡುಕುವಾಗ ರೋಮನ್ ಭಾಗದಲ್ಲೇ ಹುಡುಕಿ, ಯಾಕೆಂದರೆ ಸ್ಕ್ಯಾನ್ ಆದ ಹಳೆಯ ಕನ್ನಡ ಅಚ್ಚನ್ನು ಕಂಪ್ಯೂಟರ್ ಸರಿಯಾಗಿ ಓದುವುದಿಲ್ಲ, ನೀವು ಟೈಪ್ ಮಾಡಿದ ಪದ ಪುಟದಲ್ಲೇ ಇದ್ದರೂ ಇಲ್ಲ ಅನ್ನುತ್ತದೆ.

ಇಲ್ಲಿ ತುಂಬಾ ಜನ ಎಡವುವ ಜಾಗ ಒಂದಿದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಿಂದ ಇದೇ ಸಂಪುಟಗಳನ್ನು ಪರಿಷ್ಕರಿಸಿ ಪ್ರಕಟಿಸಿತು, ಆಗ ಸಂಪುಟದ ಸಂಖ್ಯೆಯೂ ಬದಲಾಯಿತು. ಹಳೆಯ 5ನೇ ಸಂಪುಟ ಹಾಸನ ಜಿಲ್ಲೆಯದು, ಬೇಲೂರು ಅದರೊಳಗಿದೆ. ಪರಿಷ್ಕೃತ ಆವೃತ್ತಿಯಲ್ಲಿ ಬೇಲೂರು 9ನೇ ಸಂಪುಟಕ್ಕೆ ಹೋಗಿದೆ. ಯಾವ ಆವೃತ್ತಿ ಅಂತ ಬರೆಯದೆ ಬರೀ "ಎ.ಕ. 5" ಅಂತ ಹಾಕಿದರೆ ಓದುವವರು ಪರಿಷ್ಕೃತ 5ನೇ ಸಂಪುಟದಲ್ಲಿರುವ ಮೈಸೂರಿನ ಶಾಸನ ತೆರೆದು ಕೂರುತ್ತಾರೆ. ಆದ್ದರಿಂದ ಸಂಪುಟ, ಆವೃತ್ತಿ, ತಾಲೂಕು, ಶಾಸನದ ಸಂಖ್ಯೆ ನಾಲ್ಕನ್ನೂ ಬರೆದುಕೊಳ್ಳಿ. ಶಕವರ್ಷ ಕೊಟ್ಟಿದ್ದರೆ ಕ್ರಿಸ್ತಶಕ ತಿಳಿಯಲು ಸಾಮಾನ್ಯವಾಗಿ 78 ಕೂಡಿಸಿ, ಶಕ 1039 ಅಂದರೆ ಕ್ರಿ.ಶ. 1117. ಆದರೂ ಸಂಪಾದಕರು ಕೊಟ್ಟ ತಾರೀಖಿನ ಜೊತೆ ತಾಳೆ ನೋಡಿ.

ವಿಕಿಪೀಡಿಯ ನೋಡಬೇಡಿ ಅಂತ ನಾನು ಹೇಳುವುದಿಲ್ಲ. ಕೆಳಗಿನ ಅಡಿಟಿಪ್ಪಣಿಗಳಿಂದ ಓದು ಶುರುಮಾಡಿ. ಭಾರತದ ವಿಶ್ವವಿದ್ಯಾಲಯಗಳ ಪ್ರಬಂಧಗಳನ್ನು ಇಟ್ಟಿರುವ ಶೋಧಗಂಗಾ ಜಾಲತಾಣದ ಪಿಎಚ್‌.ಡಿ. ಪ್ರಬಂಧಗಳೂ ಹಾಗೇ: ಗುಣಮಟ್ಟ ಒಂದೇ ಸಮ ಇರುವುದಿಲ್ಲ, ಆದರೆ ಕೊನೆಯ ಗ್ರಂಥಸೂಚಿ ವಾರಗಟ್ಟಲೆ ಕೆಲಸ ಉಳಿಸುತ್ತದೆ. ಹಳೆಯ ಮೈಸೂರಿನ ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳನ್ನಂತೂ ಬಿಡಬೇಡಿ, ಹಲ್ಮಿಡಿ ಶಾಸನ ಪ್ರಕಟವಾದದ್ದು 1936ರ ವರದಿಯಲ್ಲಿ.

ಆನ್‌ಲೈನ್ ಸಾಲದಿದ್ದರೆ ಲೈಬ್ರರಿಯ ಕಪಾಟಿನ ಮುಂದೆ ನಿಲ್ಲಿ. ಪುಸ್ತಕಗಳಿಗೆ ವಿಷಯದ ಪ್ರಕಾರ ಸಂಖ್ಯೆ ಕೊಡುವ ಡ್ಯೂಯಿ ಪದ್ಧತಿಯಲ್ಲಿ ಕರ್ನಾಟಕದ ಇತಿಹಾಸ 954.87. ಕ್ಯಾಟಲಾಗ್‌ನಲ್ಲಿ ಹೊಳೆಯದ ಪುಸ್ತಕ ಅಕ್ಕಪಕ್ಕದಲ್ಲೇ ಇರುತ್ತದೆ. ಬೆಂಗಳೂರಿನಲ್ಲಿದ್ದರೆ 1909ರಲ್ಲಿ ಶುರುವಾದ, ಇತಿಹಾಸ ಸಂಶೋಧನೆಯ ಸಂಸ್ಥೆ ಮಿಥಿಕ್ ಸೊಸೈಟಿಯ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಕೇಳಿ ನೋಡಿ. 19ನೇ ಶತಮಾನದ ಆಡಳಿತ ನಿಮ್ಮ ವಿಷಯವಾದರೆ ರಾಜ್ಯ ಪತ್ರಾಗಾರಕ್ಕೇ ಹೋಗಬೇಕು. ಹೋಗುವ ಮೊದಲು ಫೋನ್ ಮಾಡಿ, ನಿಮಗೆ ಬೇಕಾದ ಇಲಾಖೆ ಮತ್ತು ವರ್ಷ ಹೇಳಿ, ಕಾಲೇಜಿನ ಪತ್ರ ಬೇಕಾ ಅಂತಲೂ ಕೇಳಿಕೊಳ್ಳಿ.